ಬಡಾವಣೆಗೊಂದು ಸಮೂಹ ಗಾಯನ ತಂಡ: ಸೇರುವುದು, ಕಟ್ಟುವುದು, ನಡೆಸುವುದು

ನಮ್ಮಲ್ಲಿ ಹಾಡುವ ಗುಂಪುಗಳಿಗೆ ಬರವಿಲ್ಲ. ದೇವಸ್ಥಾನದ ಭಜನಾ ಮಂಡಳಿ, ಬಡಾವಣೆಯ ಮಹಿಳಾ ಸಮಾಜ, ಅಪಾರ್ಟ್‌ಮೆಂಟಿನ ಕನ್ನಡ ಬಳಗ, ಚರ್ಚಿನ ಗಾಯನ ವೃಂದ, ಈಗೀಗ ಊರೂರಲ್ಲೂ ಕರೋಕೆ ಕ್ಲಬ್ಬು. ಆದರೆ ಎಷ್ಟೋ ಕಡೆ ಜನ ಒಟ್ಟಿಗೆ ಸೇರುತ್ತಾರೆ, ಒಟ್ಟಿಗೆ ಹಾಡುವುದಿಲ್ಲ. ಒಬ್ಬರಾದ ಮೇಲೆ ಒಬ್ಬರು ಮೈಕ್ ಹಿಡಿಯುತ್ತಾರೆ, ಉಳಿದವರು ತಮ್ಮ ಸರದಿ ಬರುವ ತನಕ ಫೋನ್ ನೋಡುತ್ತಾರೆ. ಅದಕ್ಕೂ ಅದರದೇ ಖುಷಿ ಇದೆ, ಇಲ್ಲ ಅನ್ನುವುದಿಲ್ಲ. ಈ ಲೇಖನ ಮಾತ್ರ ಇನ್ನೊಂದು ಬಗೆಯ ತಂಡದ್ದು. ಹತ್ತು ಹದಿನೈದು ಸಾಮಾನ್ಯ ಕಂಠಗಳು ಸೇರಿ ಒಂದೇ ಹಾಡನ್ನು ಒಂದೇ ದನಿಯಲ್ಲಿ ಹಾಡುವ ತಂಡ. ಅಂಥದ್ದಕ್ಕೆ ಸೇರುವುದು ಹೇಗೆ, ಹತ್ತಿರದಲ್ಲಿ ಇಲ್ಲದಿದ್ದರೆ ಕಟ್ಟುವುದು ಹೇಗೆ, ಕಟ್ಟಿದ್ದನ್ನು ಒಡೆಯದಂತೆ ನಡೆಸುವುದು ಹೇಗೆ ಅಂತ ನೋಡೋಣ.

ಇಂಥ ತಂಡದಲ್ಲಿ ಬಾಯಿಗಿಂತ ಕಿವಿಗೆ ಕೆಲಸ ಜಾಸ್ತಿ. ಪಕ್ಕದವರ ದನಿ ಕೇಳಿಸಿಕೊಳ್ಳುತ್ತಾ ಹಾಡುವವರು ಹತ್ತು ಜನ ಇದ್ದರೆ ತಂಡ ನಿಲ್ಲುತ್ತದೆ. ಹತ್ತು ಜನ ಒಳ್ಳೆ ಗಾಯಕರೇ ಇದ್ದು ಯಾರೂ ಯಾರದ್ದನ್ನೂ ಕೇಳಿಸಿಕೊಳ್ಳದಿದ್ದರೆ ನಿಲ್ಲುವುದಿಲ್ಲ. ಮುಂದೆ ಹೇಳುವ ಮುಕ್ಕಾಲು ಪಾಲು ಸಲಹೆಗಳೂ ಇದಕ್ಕಾಗಿಯೇ ಇವೆ.

ಮೊದಲು, ಇರುವ ತಂಡಕ್ಕೆ ಸೇರುವುದು

ಹೊಸದನ್ನು ಕಟ್ಟುವ ಮುಂಚೆ ಹತ್ತಿರದಲ್ಲಿ ಏನಿದೆ ನೋಡಿ. ಕೇಳಬೇಕಾದ ಜಾಗಗಳು ಸುಮಾರಾಗಿ ಗೊತ್ತಿರುವವೇ. ದೇವಸ್ಥಾನದ ಅರ್ಚಕರು, ಬಡಾವಣೆಯ ಕನ್ನಡ ಸಂಘದವರು, ಪಕ್ಕದ ಬೀದಿಯ ಸಂಗೀತ ಮೇಷ್ಟ್ರು ಅಥವಾ ಟೀಚರು, ಚರ್ಚಿಗೆ ಹೋಗುವವರಾದರೆ ಅಲ್ಲಿನ ಗಾಯನ ವೃಂದದವರು. ಕರಾವಳಿಯವರಿಗೆ ಇನ್ನೂ ಸುಲಭ. ಅಲ್ಲಿ ಊರಿಗೊಂದಾದರೂ ಭಜನಾ ಮಂದಿರ ಇರುತ್ತದೆ. ಏಕಾಹ ಭಜನೆ ಅಂದರೆ ಒಂದು ಸೂರ್ಯೋದಯದಿಂದ ಮರುದಿನದ ಸೂರ್ಯೋದಯದ ತನಕ ತಂಡಗಳು ಸರದಿಯಲ್ಲಿ ಹಾಡುತ್ತವೆ. ಒಂದು ದಿನ ಅಲ್ಲಿ ಹೋಗಿ ಕೂತರೆ ಸುತ್ತಮುತ್ತಲ ಹತ್ತಾರು ಮಂಡಳಿಗಳ ರೀತಿ ಕಣ್ಣಿಗೆ ಬೀಳುತ್ತದೆ. ಧರ್ಮಸ್ಥಳ ಕ್ಷೇತ್ರದವರು ಪ್ರತಿ ವರ್ಷ ಭಜನಾ ತರಬೇತಿ ಕಮ್ಮಟ ನಡೆಸುತ್ತಾರೆ. ಮಂಡಳಿ ಕಡೆಯಿಂದ ಹೋಗಿ ಬರುವವರು ಹೊಸ ಹಾಡುಗಳ ಜೊತೆಗೆ ಶಿಸ್ತನ್ನೂ ಕಲಿತು ಬರುತ್ತಾರೆ.

ಶಾಸ್ತ್ರೀಯ ಸಂಗೀತ ಸ್ವಲ್ಪ ಕಲಿತವರಿಗೆ ಇನ್ನೊಂದು ಬಾಗಿಲಿದೆ. ಪುಷ್ಯ ಬಹುಳ ಪಂಚಮಿಗೆ ತ್ಯಾಗರಾಜರ ಆರಾಧನೆ, ಅದೇ ಪಕ್ಷದ ಅಮಾವಾಸ್ಯೆಗೆ ಪುರಂದರದಾಸರ ಆರಾಧನೆ. ಎರಡರಲ್ಲೂ ಗೋಷ್ಠಿ ಗಾಯನ, ಅಂದರೆ ಎಲ್ಲರೂ ಕೂತು ಒಟ್ಟಿಗೆ ಹಾಡುವುದು, ಇರುತ್ತದೆ. ಬೆಂಗಳೂರು, ಮೈಸೂರಿನ ಸಭೆಗಳಲ್ಲಿ ದೊಡ್ಡ ವಿದ್ವಾಂಸರು ಮುಂದೆ ಕೂತಿರುತ್ತಾರೆ, ವಿದ್ಯಾರ್ಥಿಗಳು ಹಿಂದೆ ಕೂತು ದನಿ ಸೇರಿಸುತ್ತಾರೆ. ತ್ಯಾಗರಾಜರ ಘನರಾಗ ಪಂಚರತ್ನದ ಐದೂ ಕೃತಿಗಳು ಬರಬೇಕು ಅಂತೇನಿಲ್ಲ. ನಾಟ ರಾಗದ್ದು ಒಂದು, ಶ್ರೀರಾಗದ್ದು ಒಂದು ಬಂದರೂ ಹೋಗಿ ಕೂರಿ. ಬಾರದಿದ್ದಾಗ ತಾಳ ಹಾಕಿ. ದೊಡ್ಡ ಗುಂಪಿನ ನಡುವೆ ಕೂತು ಹಾಡುವುದು ಹೇಗಿರುತ್ತದೆ ಅನ್ನುವುದಕ್ಕೆ ಇಷ್ಟು ಸುಲಭದ ರುಚಿ ಇನ್ನೆಲ್ಲೂ ಸಿಗುವುದಿಲ್ಲ.

ಯಾವ ತಂಡವಾದರೂ ಸೇರುತ್ತೇನೆ ಅಂತ ಹೇಳುವ ಮೊದಲು ಒಂದೆರಡು ದಿನ ಸುಮ್ನೆ ಕೂತು ನೋಡಿ. ಎಲ್ಲರೂ ಹಾಡುತ್ತಾರಾ ಅಥವಾ ಇಬ್ಬರು ಹಾಡಿ ಉಳಿದವರು ತುಟಿ ಆಡಿಸುತ್ತಾರಾ? ತಪ್ಪಾದಾಗ ಹೇಳಿಕೊಡುವವರು ಹೇಗೆ ತಿದ್ದುತ್ತಾರೆ? ಹೇಳಿದ ಹೊತ್ತಿಗೆ ಶುರುವಾಗುತ್ತದಾ? ಈ ಮೂರು ಪ್ರಶ್ನೆಗೆ ಉತ್ತರ ಸಿಕ್ಕರೆ ಸಾಕು. ಹಾಡುಗಳ ಪಟ್ಟಿ ಕೇಳುವ ಅಗತ್ಯವೂ ಇಲ್ಲ, ಹಾಡು ಬದಲಾಗುತ್ತದೆ, ಸ್ವಭಾವ ಬದಲಾಗುವುದಿಲ್ಲ.

ಸೇರಿದ ಮೊದಲ ತಿಂಗಳು ಗಟ್ಟಿಯಾಗಿ ಹಾಡುವ, ಶ್ರುತಿ (ಹಾಡಿನ ಆಧಾರ ಸ್ವರ) ಬಿಡದ ಒಬ್ಬರ ಪಕ್ಕ ಕೂರಿ. ಅವರ ದನಿಗಿಂತ ನಿಮ್ಮ ದನಿ ಒಂದು ಮಟ್ಟ ಕೆಳಗೇ ಇರಲಿ. ಸಾಹಿತ್ಯವನ್ನು ಕೈಯಲ್ಲಿ ಬರೆದುಕೊಳ್ಳಿ, ಫೋಟೋ ಹೊಡೆದುಕೊಂಡದ್ದು ಮನಸ್ಸಿಗೆ ಇಳಿಯುವುದಿಲ್ಲ. "ಹಿಂದಿನ ತಂಡದಲ್ಲಿ ನಾವು ಹೀಗೆ ಹಾಡ್ತಿರಲಿಲ್ಲ" ಅನ್ನುವ ಮಾತು ನಾಲಿಗೆ ತುದಿಗೆ ಬಂದರೂ ನುಂಗಿಕೊಳ್ಳಿ.

"ನನಗೆ ಹಾಡೋಕೇ ಬರಲ್ಲ" ಅನ್ನುವವರಿಗೆ ಒಂದು ಮಾತು. ಹೀಗನ್ನುವವರಲ್ಲಿ ಹೆಚ್ಚಿನವರಿಗೆ ಬರುತ್ತದೆ. ಅವರ ದನಿಗೆ ಒಗ್ಗದ ಶ್ರುತಿಯಲ್ಲಿ ಯಾರೋ ಹಾಡಿಸಿರುತ್ತಾರೆ, ಅಷ್ಟೇ. ಫೋನಿನಲ್ಲಿ ತಂಬೂರಿಯ ಆ್ಯಪ್ ಹಾಕಿ ಷಡ್ಜಕ್ಕೆ, ಅಂದರೆ "ಸ" ಸ್ವರಕ್ಕೆ, ದನಿ ಸೇರಿಸಿ ನೋಡಿ. ಸೇರದಿದ್ದರೆ ಶ್ರುತಿಯನ್ನು ಒಂದೊಂದೇ ಮನೆ (ಹಾರ್ಮೋನಿಯಂನ ಒಂದು ಬಿಳಿ ಕೀಯಷ್ಟು) ಇಳಿಸುತ್ತಾ ಬನ್ನಿ. ಎಲ್ಲೋ ಒಂದು ಕಡೆ ದನಿ ತಂಬೂರಿಯೊಳಗೆ ಕರಗಿದ ಹಾಗೆ ಆಗುತ್ತದೆ. ಅಲ್ಲಿಂದ ಶುರು ಮಾಡಬಹುದು.

ಹೊಸ ತಂಡಕ್ಕೆ ಏನು ಬೇಕು

ಎಂಟು ಜನ ಸಾಕು. ಇಪ್ಪತ್ತು ಜನ ಹೆಸರು ಕೊಟ್ಟರೆ ಎಂಟು ಜನ ಉಳಿಯುತ್ತಾರೆ, ಹಾಗಾಗಿ ಹೆಸರು ಬರೆದುಕೊಳ್ಳುವಾಗ ಧಾರಾಳವಾಗಿರಿ. ಪರೀಕ್ಷೆ ಇಟ್ಟು ಆಯ್ಕೆ ಮಾಡಬೇಡಿ. ಬಡಾವಣೆಯ ತಂಡದಲ್ಲಿ ಒಬ್ಬರನ್ನು ಬೇಡ ಅಂದರೆ ಅವರ ಜೊತೆಗೆ ಇನ್ನೂ ನಾಲ್ಕು ಮನೆಯವರು ದೂರವಾಗುತ್ತಾರೆ.

ವಾರದ ದಿನ ಮತ್ತು ಹೊತ್ತು ಒಮ್ಮೆ ಗೊತ್ತುಮಾಡಿದ ಮೇಲೆ ಬದಲಿಸಬೇಡಿ. "ಎಲ್ಲರಿಗೂ ಅನುಕೂಲವಾದ ದಿನ" ಅಂತ ಪ್ರತಿ ವಾರ ವಾಟ್ಸಾಪ್‌ನಲ್ಲಿ ಕೇಳುತ್ತಾ ಕೂತರೆ ತಂಡ ಮೂರು ತಿಂಗಳು ಬಾಳುವುದಿಲ್ಲ. ಎಲ್ಲರಿಗೂ ಅನುಕೂಲವಾದ ದಿನ ಯಾವತ್ತೂ ಇರುವುದಿಲ್ಲ ಅಲ್ವಾ? ಮನೆಯಲ್ಲಿರುವವರೇ ಜಾಸ್ತಿ ಇದ್ದರೆ ವಾರದ ಮಧ್ಯೆ ಸಂಜೆ 4ರಿಂದ 5.30. ಕೆಲಸಕ್ಕೆ ಹೋಗುವವರು ಇದ್ದರೆ ಭಾನುವಾರ ಬೆಳಗ್ಗೆ, ತಿಂಡಿ ಮುಗಿದ ಮೇಲೆ. ನಾಲ್ಕು ಜನ ಬಂದರೂ ಆ ದಿನದ ಅಭ್ಯಾಸ ನಡೆಯಲೇಬೇಕು.

ಜಾಗದ ವಿಷಯಕ್ಕೆ ಬಂದರೆ, ಶಾಲೆಯ ಕೊಠಡಿ, ದೇವಸ್ಥಾನದ ಪ್ರಾಂಗಣ, ಸಮುದಾಯ ಭವನದ ಮಹಡಿ, ಗ್ರಂಥಾಲಯದ ಪಕ್ಕದ ಹಾಲ್, ಯಾವುದಾದರೂ ಸರಿ. ವಾರಕ್ಕೊಬ್ಬರ ಮನೆ ಅನ್ನುವ ಪದ್ಧತಿ ಮಾತ್ರ ಬೇಡ. ಮೊದಲ ಮನೆಯಲ್ಲಿ ಕಾಫಿ ಬಿಸ್ಕತ್ತು, ಎರಡನೆ ಮನೆಯಲ್ಲಿ ಉಪ್ಪಿಟ್ಟು, ಮೂರನೆ ಮನೆಯಲ್ಲಿ ಉಪ್ಪಿಟ್ಟಿನ ಜೊತೆ ಕೇಸರಿಬಾತ್, ನಾಲ್ಕನೆ ಮನೆಗೆ ಬರುವಷ್ಟರಲ್ಲಿ ಪೂರಿ ಸಾಗು. ಐದನೆಯವರು ತಮ್ಮ ಸರದಿ ಬರುವ ಮುಂಚೆಯೇ ಮೊಣಕಾಲು ನೋವು ಅಂತ ತಂಡ ಬಿಡುತ್ತಾರೆ. ಮನೆಯೇ ಗತಿ ಅನ್ನುವುದಾದರೆ ಒಂದೇ ಮನೆ ಇರಲಿ, ಕುಡಿಯಲು ನೀರು ಮಾತ್ರ ಅನ್ನುವ ನಿಯಮ ಮೊದಲ ದಿನವೇ ಆಗಲಿ. ಇನ್ನೊಂದು ವಿಷಯ, ಅಭ್ಯಾಸದ ಜಾಗದಲ್ಲಿ ಫ್ಯಾನಿನ ಸದ್ದು ಎಷ್ಟು ನೋಡಿ. ಹಳೆಯ ಫ್ಯಾನು ತಂಬೂರಿಯನ್ನು ನುಂಗಿಬಿಡುತ್ತದೆ.

ಕೆಲಸ ಹಂಚಿಕೊಳ್ಳಿ. ಹಾಡು ಹೇಳಿಕೊಡುವವರು ಒಬ್ಬರು. ತಾಳದವರು ಒಬ್ಬರು. ಸಾಹಿತ್ಯವನ್ನು ದೊಡ್ಡ ಅಕ್ಷರದಲ್ಲಿ ಪ್ರಿಂಟ್ ತೆಗೆಸಿ ಫೈಲ್ ಮಾಡುವವರು ಒಬ್ಬರು. ದುಡ್ಡಿನ ಲೆಕ್ಕ ಇಡುವವರು ಒಬ್ಬರು. ಹೇಳಿಕೊಡುವವರೇ ಲೆಕ್ಕವನ್ನೂ ಇಡಬಾರದು. ಕಲಿಸುವವರ ಹತ್ತಿರ ಹೋಗಿ "ನನ್ನ ನೂರು ರೂಪಾಯಿ ಬರೆದುಕೊಂಡ್ರಾ?" ಅಂತ ಕೇಳಲು ಜನರಿಗೆ ಸಂಕೋಚ. ಕೇಳದೆ ಉಳಿದ ಪ್ರಶ್ನೆಗಳೇ ಮುಂದೆ ಮುನಿಸಾಗುತ್ತವೆ.

ಹೇಳಿಕೊಡುವವರು ದೊಡ್ಡ ವಿದ್ವಾಂಸರೇ ಆಗಬೇಕಾಗಿಲ್ಲ. ಕಿವಿ ಚೆನ್ನಾಗಿರಬೇಕು, ಒಂದೇ ಸಾಲನ್ನು ಹತ್ತು ಸಲ ಹೇಳಿಕೊಡುವ ತಾಳ್ಮೆ ಇರಬೇಕು. ಹೊರಗಿನಿಂದ ಟೀಚರನ್ನು ಕರೆಸುವುದಾದರೆ ಸಂಭಾವನೆ ಎಷ್ಟು ಅಂತ ಮೊದಲೇ ಮಾತಾಡಿ, ತಿಂಗಳ ಮೊದಲ ವಾರ ಕೊಟ್ಟುಬಿಡಿ. ಕಲಾಸೇವೆ ಅಂತ ಹೇಳಿ ಅವರ ಆಟೋ ಖರ್ಚನ್ನೂ ಅವರ ಮೇಲೆ ಹಾಕುವುದು ನಮ್ಮ ಕಡೆ ತೀರಾ ಜಾಸ್ತಿ ಆಗಿದೆ.

ಶ್ರುತಿ: ಇಲ್ಲೇ ಅರ್ಧ ಜಗಳ ಹುಟ್ಟುವುದು

ಗಂಡಸರೂ ಹೆಂಗಸರೂ ಸೇರಿ ಹಾಡುವ ತಂಡದ ಮೊದಲ ತಲೆನೋವು ಇದು. ಗಂಡಸರಿಗೆ ಸಾಮಾನ್ಯವಾಗಿ ಒಂದು ಮನೆಯಿಂದ ಎರಡು ಮನೆ ಶ್ರುತಿ ಹಿತ. ಹಾರ್ಮೋನಿಯಂನವರ ಮಾತಿನಲ್ಲಿ ಬಿಳಿ ಒಂದರಿಂದ ಬಿಳಿ ಎರಡು. ಹೆಂಗಸರಿಗೆ ಐದರಿಂದ ಆರು ಮನೆ, ಅಂದರೆ ಬಿಳಿ ಐದರಿಂದ ಬಿಳಿ ಆರು. ಒಂದು ಮನೆಗೆ ಶ್ರುತಿ ಇಟ್ಟರೆ ಹೆಂಗಸರು ಮೇಲೆ ಕಿರುಚಬೇಕು, ಇಲ್ಲವೇ ಕೆಳಗೆ ಗೊಣಗಬೇಕು. ಐದೂವರೆಗೆ (ಬಿಳಿ ಐದರ ನಂತರದ ಕಪ್ಪು ಕೀಗೆ) ಇಟ್ಟರೆ ಗಂಡಸರು ಒಂದು ಸ್ಥಾಯಿ (ಏಳು ಸ್ವರಗಳ ಒಂದು ಸುತ್ತು) ಕೆಳಗೆ ಹಾಡುತ್ತಾರೆ, ಹಾಡು ಮಂದ್ರಕ್ಕೆ, ಅಂದರೆ ಕೆಳಗಿನ ಸ್ಥಾಯಿಗೆ, ಇಳಿದಾಗ ಅವರ ದನಿಯೇ ಕೇಳಿಸುವುದಿಲ್ಲ.

"ನಮ್ಮ ತಂಡದ ಶ್ರುತಿ ಇಷ್ಟು" ಅಂತ ಒಂದನ್ನೇ ಎಲ್ಲ ಹಾಡಿಗೂ ಗಂಟು ಹಾಕುವುದು ಸರಿಯಲ್ಲ. ಶ್ರುತಿಯನ್ನು ಹಾಡಿನಿಂದ ಹಾಡಿಗೆ ಗೊತ್ತುಮಾಡಬೇಕು. ಅದಕ್ಕೊಂದು ಸರಳ ದಾರಿ ಇದೆ. ಹಾಡಿನಲ್ಲಿ ತೀರಾ ಮೇಲೆ ಹೋಗುವ ಸಾಲು ಯಾವುದು, ತೀರಾ ಕೆಳಗೆ ಇಳಿಯುವ ಸಾಲು ಯಾವುದು ಹುಡುಕಿ. ಎಲ್ಲರಿಂದಲೂ ಆ ಎರಡು ಸಾಲನ್ನಷ್ಟೇ ಹಾಡಿಸಿ. ಮೇಲಿನ ಸಾಲಿನಲ್ಲಿ ಹೆಂಗಸರ ಕತ್ತಿನ ನರ ಉಬ್ಬಬಾರದು, ಕೆಳಗಿನ ಸಾಲಿನಲ್ಲಿ ಗಂಡಸರ ಮಾತು ಅರ್ಥವಾಗಬೇಕು. ಇವೆರಡೂ ಎಲ್ಲಿ ಸಿಗುತ್ತವೋ ಅದೇ ಆ ಹಾಡಿನ ಶ್ರುತಿ. ಮಂದ್ರಕ್ಕೆ ಇಳಿಯದೆ ಮಧ್ಯ ಮತ್ತು ತಾರ (ಮೇಲಿನ) ಸ್ಥಾಯಿಯಲ್ಲೇ ಓಡಾಡುವ ಹಾಡಾದರೆ ಐದು, ಐದೂವರೆ ಮನೆಯಲ್ಲಿ ಗಂಡಸರು ಒಂದು ಸ್ಥಾಯಿ ಕೆಳಗಿಂದ ಆರಾಮಾಗಿ ಹಾಡುತ್ತಾರೆ. ಕೇಳುವುದಕ್ಕೂ ತುಂಬಿದ ಹಾಗಿರುತ್ತದೆ. ಮಂದ್ರ ಪಂಚಮಕ್ಕೆ (ಕೆಳಗಿನ "ಪ" ಸ್ವರಕ್ಕೆ) ಇಳಿಯುವ ಹಾಡಾದರೆ ಆ ಸಾಲನ್ನು ಹೆಂಗಸರಿಗೆ ಬಿಟ್ಟುಬಿಡಿ, ಗಂಡಸರು ಅಲ್ಲಿ ಸುಮ್ಮನಿರಲಿ. ಎಲ್ಲರೂ ಎಲ್ಲ ಸಾಲನ್ನೂ ಹಾಡಲೇಬೇಕು ಅಂತ ಯಾವ ಶಾಸ್ತ್ರದಲ್ಲೂ ಇಲ್ಲ.

ಗೊತ್ತಾದ ಶ್ರುತಿಯನ್ನು ಸಾಹಿತ್ಯದ ಹಾಳೆಯ ಮೂಲೆಯಲ್ಲಿ ಬರೆದಿಡಿ. ಇಲ್ಲದಿದ್ದರೆ ಕಾರ್ಯಕ್ರಮದ ದಿನ ವೇದಿಕೆಯ ಮೇಲೆ "ಐದಾ ಐದೂವರೆಯಾ?" ಅನ್ನುವ ಪಿಸುಮಾತು ಮೈಕಿನಲ್ಲಿ ಊರಿಗೆಲ್ಲ ಕೇಳಿಸುತ್ತದೆ.

ತಂಬೂರಿ ಇಲ್ಲದೆ ಅಭ್ಯಾಸ ಮಾಡಲೇಬೇಡಿ. ಬೆಂಗಳೂರಿನಲ್ಲೇ ತಯಾರಾದ ರಾಡೆಲ್‌ ಇಲೆಕ್ಟ್ರಾನಿಕ್ ತಂಬೂರಿ ಎಷ್ಟೋ ಸಂಗೀತ ಮೇಷ್ಟ್ರ ಮನೆಗಳಲ್ಲಿ ಇರುತ್ತದೆ. ಕೇಳಿದರೆ ಹಳೆಯದೊಂದು ಸಿಕ್ಕೀತು. ಅದಿಲ್ಲದಿದ್ದರೆ ಫೋನಿನ ಆ್ಯಪ್, ಒಂದು ಬ್ಲೂಟೂತ್ ಸ್ಪೀಕರ್. ಸ್ಪೀಕರನ್ನು ಹೇಳಿಕೊಡುವವರ ಪಕ್ಕ ಇಡಬೇಡಿ, ಗುಂಪಿನ ನಡುವೆ ಇಡಿ. ನಡುನಡುವೆ ಹಾಡು ನಿಲ್ಲಿಸಿ, ಎಲ್ಲರೂ ಷಡ್ಜಕ್ಕೆ ಬಂದು ನೋಡಿ. ದೊಡ್ಡ ಗುಂಪು ತಂಬೂರಿಯ ಆಸರೆ ಇಲ್ಲದೆ ಹಾಡಿದರೆ ಕೊನೆಯ ಚರಣಕ್ಕೆ ಬರುವಷ್ಟರಲ್ಲಿ ಅರ್ಧ ಮನೆ ಕೆಳಗೆ ಜಾರಿರುತ್ತದೆ. ಎಲ್ಲರೂ ಒಟ್ಟಿಗೆ ಜಾರುವುದರಿಂದ ಯಾರಿಗೂ ಗೊತ್ತಾಗುವುದೂ ಇಲ್ಲ.

ಒಂದೂವರೆ ಗಂಟೆಯ ಅಭ್ಯಾಸ

ಮೊದಲ ಹತ್ತು ನಿಮಿಷ ದನಿ ಬಿಡಿಸುವುದಕ್ಕೆ. ಮಾಯಾಮಾಳವಗೌಳ ರಾಗದಲ್ಲಿ ಸರಳೆ ವರಸೆ (ಸ್ವರಗಳ ಮೊದಲ ಪಾಠ), ಒಂದೆರಡು ಜಂಟಿ ವರಸೆ (ಒಂದೊಂದು ಸ್ವರವನ್ನೂ ಎರಡೆರಡು ಸಲ ಹಾಡುವ ಪಾಠ), ಆಮೇಲೆ ಅಕಾರ (ಬರೀ "ಆ" ಅಂತ ಹಾಡುವುದು). ಸಂಗೀತ ಕಲಿಯದವರೂ ಎರಡು ವಾರದಲ್ಲಿ ಸರಳೆಗೆ ಒಗ್ಗಿಕೊಳ್ಳುತ್ತಾರೆ. "ನಾವೇನು ಕಛೇರಿ ಮಾಡಬೇಕಾ?" ಅಂತ ಯಾರಾದರೂ ಕೇಳಿದರೆ ನಕ್ಕು ಮುಂದುವರಿಸಿ. ಎಲ್ಲರೂ ಒಂದೇ ಸ್ವರದ ಮೇಲೆ ನಿಲ್ಲುವ ಅಭ್ಯಾಸ ಇದರಿಂದಲೇ ಬರುವುದು.

ಹೊಸ ಹಾಡು ಕಲಿಸುವಾಗ ಮೊದಲು ಹಾಡಬೇಡಿ, ಓದಿಸಿ. ಎಲ್ಲರೂ ತಾಳ ಹಾಕುತ್ತಾ ಸಾಹಿತ್ಯವನ್ನು ಒಟ್ಟಿಗೆ ಓದಲಿ. ಅಲ್ಪಪ್ರಾಣ, ಮಹಾಪ್ರಾಣ, ಒತ್ತಕ್ಷರ, ಲ ಮತ್ತು ಳ, ಹ ಮತ್ತು ಅ, ಎಲ್ಲ ಎಡವಟ್ಟು ಇಲ್ಲೇ ಹೊರಗೆ ಬರುತ್ತವೆ. ಒಬ್ಬರು ತಪ್ಪು ಉಚ್ಚರಿಸಿದರೆ ಅಷ್ಟು ಗೊತ್ತಾಗದು, ಆದರೆ ಹದಿನೈದು ಜನ ಹದಿನೈದು ರೀತಿ "ಸ" ಬಿಟ್ಟರೆ ಕೇಳುವವರಿಗೆ ಬರೀ ಬುಸ್ ಅನ್ನುವ ಸದ್ದು. ಸಾಲಿನ ಕೊನೆಯ ಅಕ್ಷರ ಎಲ್ಲಿ ನಿಲ್ಲಬೇಕು, ಎಷ್ಟು ಮಾತ್ರೆ ಎಳೆಯಬೇಕು ಅನ್ನುವುದನ್ನೂ ಇಲ್ಲೇ ಗೊತ್ತುಮಾಡಿ. ಉಸಿರು ತೆಗೆದುಕೊಳ್ಳುವ ಕಡೆ ಪೆನ್ಸಿಲ್‌ನಲ್ಲಿ ಗೀಟು ಹಾಕಿಸಿ. ಒಂದು ಪದದ ನಡುವೆ ಯಾರೂ ಉಸಿರೆಳೆಯಬಾರದು. ಉದ್ದದ ಸಾಲಾದರೆ ಅಕ್ಕಪಕ್ಕದವರು ಮಾತಾಡಿಕೊಂಡು ಬೇರೆ ಬೇರೆ ಕಡೆ ಉಸಿರು ತೆಗೆದುಕೊಳ್ಳಲಿ. ಕೇಳುವವರಿಗೆ ಸಾಲು ತುಂಡಾಗಿಯೇ ಇಲ್ಲ ಅನ್ನಿಸುತ್ತದೆ. ಒಬ್ಬರೇ ಹಾಡುವಾಗ ಈ ಸೌಕರ್ಯ ಇಲ್ಲ, ಗುಂಪಿಗೆ ಇದೆ.

ಆಮೇಲೆ ರಾಗಕ್ಕೆ ಬನ್ನಿ. ಭಾವಗೀತೆಯಲ್ಲಿ ಇಲ್ಲೊಂದು ತೊಡಕಿದೆ. ಒಂದೇ ಹಾಡನ್ನು ಬೇರೆ ಬೇರೆ ಗಾಯಕರು ಹಾಡಿದ್ದು ಯೂಟ್ಯೂಬಿನಲ್ಲಿ ಸಿಗುತ್ತದೆ. ತಂಡದಲ್ಲಿ ಒಬ್ಬರು ಒಂದನ್ನು ಕೇಳಿ ಕಲಿತಿರುತ್ತಾರೆ, ಇನ್ನೊಬ್ಬರು ಇನ್ನೊಂದನ್ನು. ಪಲ್ಲವಿ ಹೇಗೋ ಹೊಂದುತ್ತದೆ, ಚರಣಕ್ಕೆ ಬಂದಾಗ ಎಲ್ಲರೂ ಒಂದೊಂದು ದಾರಿ ಹಿಡಿಯುತ್ತಾರೆ. ಯಾವುದು ಸರಿ ಅಂತ ವಾದಕ್ಕೆ ಹೋಗಬೇಡಿ. ಹೇಳಿಕೊಡುವವರು ಸಾಲು ಸಾಲಾಗಿ, ಬಳುಕು ಇಲ್ಲದೆ ಬರೀ ಮಟ್ಟನ್ನು, ಅಂದರೆ ಟ್ಯೂನನ್ನು, ತಮ್ಮ ದನಿಯಲ್ಲಿ ರೆಕಾರ್ಡ್ ಮಾಡಿ ಗುಂಪಿಗೆ ಕಳಿಸಲಿ. ತಂಡದ ಮಟ್ಟಿಗೆ ಅದೇ ಮಟ್ಟು. ಮೂಲ ಗಾಯಕರ ಗಮಕ (ಸ್ವರದ ಬಳುಕು), ಸಂಗತಿಗಳು (ಒಂದೇ ಸಾಲನ್ನು ಬದಲಿಸಿ ಹಾಡುವ ರೀತಿಗಳು) ಚೆನ್ನಾಗಿರುತ್ತವೆ ನಿಜ, ಆದರೆ ಅವು ಒಂಟಿ ದನಿಯ ಆಭರಣ. ಹದಿನೈದು ಜನ ಒಟ್ಟಿಗೆ ಬಳುಕಿಸಲು ಹೋದರೆ ಸ್ವರವೇ ಕದಡಿಹೋಗುತ್ತದೆ. ಎಲ್ಲರೂ ಸೇರಿ ಹಾಡಬಲ್ಲ ಒಂದೆರಡು ಬಳುಕು ಉಳಿಸಿಕೊಂಡು ಮಿಕ್ಕದ್ದು ಬಿಡಿ. ಈ ಮಾತು ಕೇಳಿ ಕೆಲವರು ಮುಖ ಸಣ್ಣ ಮಾಡುತ್ತಾರೆ. ಮಾಡಲಿ.

ನಾಲ್ಕು ಸಾಲು ಬಂದ ಮೇಲೆ ತಂಡವನ್ನು ಎರಡು ಭಾಗ ಮಾಡಿ. ಒಂದು ಭಾಗ ಹಾಡುವಾಗ ಇನ್ನೊಂದು ಭಾಗ ಕಣ್ಣು ಮುಚ್ಚಿ ಕೇಳಿ, ಯಾವ ಪದ ಅರ್ಥವಾಗಲಿಲ್ಲ ಅಂತ ಹೇಳಲಿ. ಬೇರೆಯವರನ್ನು ತಿದ್ದುವ ನೆಪದಲ್ಲಿ ತಮ್ಮದೂ ತಿದ್ದಿಕೊಳ್ಳುತ್ತದೆ.

ತಾಳದ ವಿಷಯದಲ್ಲಿ ಎಡವುವುದು ಹೆಚ್ಚಾಗಿ ಎತ್ತುಗಡೆಯಲ್ಲಿ, ಅಂದರೆ ಹಾಡು ಶುರು ಮಾಡುವಾಗ. ಹಾಡು ತಾಳದ ಮೊದಲ ಪೆಟ್ಟಿಗೇ ಶುರುವಾಗುವುದಿಲ್ಲ ಅಂದರೆ ಎಲ್ಲರೂ ಖಾಲಿ ಪೆಟ್ಟನ್ನು ಕೈಯಲ್ಲಿ ಹಾಕಿಯೇ ಎತ್ತಬೇಕು. ಹೇಳಿಕೊಡುವವರು ಉಸಿರೆಳೆಯುವುದು ಎಲ್ಲರ ಕಣ್ಣಿಗೂ ಕಾಣಬೇಕು, ಆ ಉಸಿರೇ ಸನ್ನೆ. ಕಂಚಿನ ತಾಳ ಒಬ್ಬರ ಕೈಯಲ್ಲಿ ಮಾತ್ರ ಇರಲಿ. ಮೂರು ಜೊತೆ ತಾಳ ಒಟ್ಟಿಗೆ ಬಾರಿಸಿದರೆ ಹಾಡು ಓಟ ಕೀಳುತ್ತದೆ. ಭಜನೆಗಳು ಕೊನೆಗೆ ಎರಡರಷ್ಟು ವೇಗಕ್ಕೆ ಮುಟ್ಟುವುದು ಇದರಿಂದಲೇ. ಭಜನೆಯಲ್ಲಿ ಅದಕ್ಕೊಂದು ಸೊಗಸು ಇರಬಹುದು, ಭಾವಗೀತೆಗೆ ಅದು ಹೊಂದುವುದಿಲ್ಲ.

ವೇಗ ಹಿಡಿದಿಡುವುದಕ್ಕೆ ಒಳ್ಳೆಯ ಪರೀಕ್ಷೆ ನಮ್ಮ ನಾಡಗೀತೆಯೇ. ಮೈಸೂರು ಅನಂತಸ್ವಾಮಿಯವರ ಮಟ್ಟಿನಲ್ಲಿ, ಆಲಾಪ, ಪುನರಾವರ್ತನೆ ಇಲ್ಲದೆ 2 ನಿಮಿಷ 30 ಸೆಕೆಂಡಿನಲ್ಲಿ ಹಾಡಬೇಕು ಅಂತ ರಾಜ್ಯ ಸರ್ಕಾರ 2022ರಲ್ಲಿ ಆದೇಶ ಮಾಡಿತು. ಫೋನಿನಲ್ಲಿ ಸ್ಟಾಪ್‌ವಾಚ್ ಇಟ್ಟು ಹಾಡಿ ನೋಡಿ. ಮೊದಲ ಸಲ ಹೆಚ್ಚಿನ ತಂಡಗಳು ಮೂರು ನಿಮಿಷದ ಹತ್ತಿರ ಹೋಗುತ್ತವೆ. ನವೆಂಬರ್ 1ಕ್ಕೆ ನಿಮ್ಮನ್ನು ಎಲ್ಲಾದರೂ ಕರೆದೇ ಕರೆಯುತ್ತಾರೆ, ಆದ್ದರಿಂದ ಈ ಒಂದು ಹಾಡು ಕಾಗದ ನೋಡದೆ ಬರುವಂತಿರಲಿ.

ಒಂದೇ ದನಿಯಿಂದ ಆಚೆಗೆ

ಒಂದು ವರ್ಷ ಒಂದೇ ದನಿಯಲ್ಲಿ ಚೆನ್ನಾಗಿ ಹಾಡಿದ ಮೇಲೆ ಕೆಲವರಿಗೆ ಇನ್ನೂ ಏನಾದರೂ ಬೇಕು ಅನ್ನಿಸುತ್ತದೆ. ಸರಳೆ ವರಸೆಯಿಂದಲೇ ಶುರು ಮಾಡಿ. ಅರ್ಧ ಜನ ಒಂದನೆ ಕಾಲದಲ್ಲಿ ಹಾಡಲಿ, ಅರ್ಧ ಜನ ಎರಡನೆ ಕಾಲದಲ್ಲಿ, ಅಂದರೆ ಎರಡರಷ್ಟು ವೇಗದಲ್ಲಿ. ನಿಧಾನದವರು ಒಂದು ಸಲ ಮುಗಿಸುವಷ್ಟರಲ್ಲಿ ಬೇಗದವರು ಎರಡು ಸಲ ಮುಗಿಸಿ, ಇಬ್ಬರೂ ಷಡ್ಜದಲ್ಲಿ ಒಟ್ಟಿಗೆ ಇಳಿಯಬೇಕು. ಮೊದಲ ದಿನ ನಗುವೇ ಜಾಸ್ತಿ. ಅದು ಬಂದ ಮೇಲೆ ಸವಾಲು ಜವಾಬಿನ ಜನಪದ ಗೀತೆ ಎತ್ತಿಕೊಳ್ಳಿ, ಸೋಬಾನೆ, ಕೋಲಾಟದ ಪದಗಳಲ್ಲಿ ಒಬ್ಬರು ಹೇಳಿ ಉಳಿದವರು ಎತ್ತಿಕೊಳ್ಳುವ ಕ್ರಮ ಮೊದಲಿನಿಂದಲೂ ಇದೆ.

ಬೇರೆ ಬೇರೆ ಸ್ವರಗಳನ್ನು ಒಟ್ಟಿಗೆ ಹಾಡುವುದು, ಅಂದರೆ ಹಾರ್ಮನಿ, ನಮ್ಮ ನಾಡಿಗೆ ತೀರಾ ಹೊಸದೇನಲ್ಲ. ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆ 1834ರಲ್ಲಿ ಮಂಗಳೂರಿಗೆ ಬಂದ ನಂತರ ಮಂಗಳೂರು, ಧಾರವಾಡ, ಹುಬ್ಬಳ್ಳಿ ಕಡೆಯ ಚರ್ಚುಗಳಲ್ಲಿ ಕನ್ನಡ ಕೀರ್ತನೆಗಳನ್ನು ನಾಲ್ಕು ದನಿಯಲ್ಲಿ ಹಾಡುವ ರೂಢಿ ಬೆಳೆಯಿತು. ಪಕ್ಕದ ಮದ್ರಾಸಿನಲ್ಲಿ ಸಂಗೀತ ನಿರ್ದೇಶಕ ಎಂ.ಬಿ. ಶ್ರೀನಿವಾಸನ್ ಅವರು ಯೂತ್ ಕಾಯರ್ ಕಟ್ಟಿ ಭಾರತೀಯ ಭಾಷೆಗಳ ಹಾಡುಗಳನ್ನು ಈ ರೀತಿ ಹಾಡಿಸಿದರು. ಸಾಧ್ಯವಾದರೆ ಒಂದು ಕ್ರಿಸ್‌ಮಸ್ ಹೊತ್ತಿಗೆ ಹತ್ತಿರದ ಚರ್ಚಿಗೆ ಹೋಗಿ ಕೇಳಿ. ತಂತಮ್ಮ ದನಿಗೆ ಹಿತವಾದ ಸಾಲನ್ನೇ ಹಾಡುವುದರಿಂದ ಗಂಡಸರು ಹೆಂಗಸರ ಶ್ರುತಿ ಜಗಳ ಅಲ್ಲಿ ಹೇಗೆ ಕರಗುತ್ತದೆ ಅಂತ ಗೊತ್ತಾಗುತ್ತದೆ. ಗೊತ್ತಿರುವವರ ಸಹಾಯ ಇಲ್ಲದೆ ನೀವೇ ಹಾರ್ಮನಿ ಕೂರಿಸಲು ಮಾತ್ರ ಹೋಗಬೇಡಿ. ರಾಗದಲ್ಲಿ ಇಲ್ಲದ ಸ್ವರ ನುಸುಳಿದರೆ ಹಾಡಿನ ಮುಖವೇ ಬೇರೆಯಾಗುತ್ತದೆ.

ಜನ, ಮನಸ್ತಾಪ, ಮೈಕು

ತಂಡಗಳು ಒಡೆಯುವುದು ಸಂಗೀತದ ಕಾರಣಕ್ಕೆ ಅಪರೂಪ. ಯಾರಿಗೆ ಸೋಲೋ ಸಿಕ್ಕಿತು, ಯಾರು ಮುಂದಿನ ಸಾಲಿನಲ್ಲಿ ನಿಂತರು, ಪೇಪರಿನ ಫೋಟೋದಲ್ಲಿ ಯಾರು ಕಾಣಲಿಲ್ಲ, ಇವೇ ಕಾರಣ. ಕೆಲವನ್ನು ಮೊದಲೇ ನಿಯಮ ಮಾಡಿಟ್ಟರೆ ಒಳ್ಳೆಯದು. ಸಾಲು ಎತ್ತಿಕೊಡುವವರು ಹಾಡಿನಿಂದ ಹಾಡಿಗೆ ಬದಲಾಗಲಿ. ನಿಲ್ಲುವುದು ಎತ್ತರದ ಪ್ರಕಾರ, ಹಿರಿತನದ ಪ್ರಕಾರ ಅಲ್ಲ. ವೇದಿಕೆಯಲ್ಲಿ ಸೋಲೋ ಹಾಡು ಬೇಡವೇ ಬೇಡ. ಸೋಲೋ ಹಾಡುವ ಆಸೆ ಇರುವವರಿಗೆ ಮೂರು ತಿಂಗಳಿಗೊಮ್ಮೆ ಒಳಗಿನವರಿಗಷ್ಟೇ ಒಂದು ಸಂಜೆ ಇಡಿ, ಅವತ್ತು ಕರೋಕೆಯೂ ಇರಲಿ, ಚುರುಮುರಿಯೂ ಇರಲಿ.

ಜೋರು ದನಿಯವರೊಬ್ಬರು ಪ್ರತಿ ತಂಡದಲ್ಲೂ ಇರುತ್ತಾರೆ. ಸಾಮಾನ್ಯವಾಗಿ ಅವರೇ ತಪ್ಪದೆ ಬರುವವರು, ಕುರ್ಚಿ ಹಾಕುವವರು, ಪ್ರಿಂಟ್ ತೆಗೆಸುವವರು. "ಮೆತ್ತಗೆ ಹಾಡಿ" ಅಂತ ಎಲ್ಲರ ಮುಂದೆ ಹೇಳಿದರೆ ನೊಂದುಕೊಳ್ಳುತ್ತಾರೆ. "ಪಕ್ಕದವರ ದನಿ ನಿಮಗೆ ಕೇಳಿಸುವಷ್ಟು ಹಾಡಿ" ಅಂತ ಇಡೀ ತಂಡಕ್ಕೆ ಹೇಳಿ, ಅವರ ಅಕ್ಕಪಕ್ಕ ಮೆಲುದನಿಯವರನ್ನು ಕೂರಿಸಿ. ಅದೂ ಆಗದಿದ್ದರೆ ತಾಳ ಅವರ ಕೈಗೆ ಕೊಡಿ.

ಹಾಡಿನ ಆಯ್ಕೆಯಲ್ಲಿ ಬರೀ ದೇವರನಾಮ ಇದ್ದರೆ ಕೆಲವರು ದೂರ ಉಳಿಯುತ್ತಾರೆ, ದೇವರನಾಮ ಇಲ್ಲವೇ ಇಲ್ಲ ಅಂದರೆ ಇನ್ನು ಕೆಲವರು. ವಚನ, ತತ್ವಪದ, ಜನಪದ, ಭಾವಗೀತೆ, ದಾಸರ ಪದ ಎಲ್ಲವೂ ಇರಲಿ. ವಾಟ್ಸಾಪ್ ಗುಂಪಿನಲ್ಲಿ ಅಭ್ಯಾಸದ ಹೊತ್ತು, ರೆಕಾರ್ಡಿಂಗ್, ಲೆಕ್ಕ ಬಿಟ್ಟು ಬೇರೇನೂ ಬೇಡ. ರಾಜಕೀಯವೂ ಬೇಡ, ಶುಭೋದಯವೂ ಬೇಡ.

ಮೊದಲ ಕಾರ್ಯಕ್ರಮ ಚಿಕ್ಕದಾಗಿರಲಿ, ಮೂರು ಹಾಡು, ಹದಿನೈದು ನಿಮಿಷ. ಗಣಪತಿ ಪೆಂಡಾಲು, ನವರಾತ್ರಿಯ ಬೊಂಬೆ ಮನೆ, ರಾಜ್ಯೋತ್ಸವ, ವೃದ್ಧಾಶ್ರಮ, ಯಾವುದಾದರೂ ಆಗಬಹುದು. ಸೌಂಡ್ ಸಿಸ್ಟಂನವರಿಗೆ ಮೊದಲೇ ಹೇಳಿ: 12 ಜನರಿಗೆ 4 ಮೈಕು, ಎಲ್ಲ ಸ್ಟ್ಯಾಂಡ್ ಮೇಲೆ, ಬಾಯಿಂದ ಒಂದು ಮೊಳ ದೂರ. ಕೈಯಿಂದ ಕೈಗೆ ದಾಟುವ ಮೈಕು ಸಮೂಹ ಗಾಯನದ ಶತ್ರು. ಅರ್ಧಚಂದ್ರದ ಹಾಗೆ ನಿಂತರೆ ತುದಿಯವರಿಗೂ ಪರಸ್ಪರ ದನಿ ಕೇಳಿಸುತ್ತದೆ. ತಂಬೂರಿಗೆ ಒಂದು ಮೈಕ್ ಬೇರೆ, ಹಾಡುವವರ ಕಡೆ ತಿರುಗಿದ ಒಂದು ಸ್ಪೀಕರ್ ಬೇರೆ. ಎಕೋ ಜಾಸ್ತಿ ಇಡುವುದು ಅವರ ಅಭ್ಯಾಸ, ತೆಗೆಸಿಬಿಡಿ. ಸೀರೆಯ ಬಣ್ಣದ ಚರ್ಚೆ ಹತ್ತು ನಿಮಿಷಕ್ಕಿಂತ ಹೆಚ್ಚು ಹೊತ್ತು ನಡೆಯದಂತೆ ನೋಡಿಕೊಳ್ಳಿ, ಇಷ್ಟೇ ಹೇಳಬಲ್ಲೆ.

ಬಯಲಲ್ಲಿ ಧ್ವನಿವರ್ಧಕ ಹಾಕುವುದಾದರೆ ಪೊಲೀಸ್ ಠಾಣೆಯಿಂದ ಲಿಖಿತ ಅನುಮತಿ ಬೇಕು. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಗ್ಗೆ 6ರ ತನಕ ಬಯಲಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಹಬ್ಬ, ಸಾಂಸ್ಕೃತಿಕ ಸಂದರ್ಭಗಳಿಗೆ ವರ್ಷದಲ್ಲಿ 15 ದಿನ ಮೀರದಂತೆ ರಾತ್ರಿ 12ರ ತನಕ ಸಡಿಲಿಕೆ ಕೊಡಲು ಸರ್ಕಾರಕ್ಕೆ ಅವಕಾಶ ಇದೆ. ಧನುರ್ಮಾಸದಲ್ಲಿ ನಸುಕಿಗೇ ಭಜನೆ ಮಾಡುವ ಮಂಡಳಿಗಳು ಇದನ್ನು ನೆನಪಿಡಬೇಕು. ಆ ಹೊತ್ತಿನಲ್ಲಿ ಬರೀ ದನಿಯೇ ಚೆಂದ, ಮೈಕ್ ಏಕೆ?

ದುಡ್ಡು, ನೋಂದಣಿ, ಹಕ್ಕುಸ್ವಾಮ್ಯ

ತಿಂಗಳಿಗೆ ಎಲ್ಲರಿಗೂ ಭಾರವಾಗದ ಒಂದು ಮೊತ್ತ ಇಡಿ. ಟೀಚರ ಸಂಭಾವನೆ, ಜೆರಾಕ್ಸ್, ಜಾಗದ ಬಾಡಿಗೆ ಕೂಡಿಸಿ ಜನರ ಲೆಕ್ಕದಲ್ಲಿ ಭಾಗಿಸಿದರೆ ಮೊತ್ತ ಸಿಗುತ್ತದೆ. ಕೊಡಲಾಗದವರು ಇದ್ದರೆ ಲೆಕ್ಕ ಇಡುವವರಿಗೆ ಮಾತ್ರ ತಿಳಿದಿರಲಿ. ಪ್ರತಿ ತಿಂಗಳ ಬಂದದ್ದು ಹೋದದ್ದು ಒಂದು ಪುಟದಲ್ಲಿ ಬರೆದು ಗುಂಪಿಗೆ ಹಾಕಿ.

ಬಡಾವಣೆಯ ಮಟ್ಟದಲ್ಲಿ ಇರುವ ತನಕ ನೋಂದಣಿ ಬೇಕಿಲ್ಲ. ತಂಡದ ಹೆಸರಿನಲ್ಲಿ ಬ್ಯಾಂಕ್ ಖಾತೆ, ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಧನಸಹಾಯ ಇವೆಲ್ಲ ಬೇಕು ಅನ್ನಿಸಿದಾಗ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ಅಡಿ ನೋಂದಾಯಿಸಬಹುದು. ಕನಿಷ್ಠ 7 ಜನ ಬೇಕು. ನೋಂದಣಿ ಆದ ಮೇಲೆ ವರ್ಷಕ್ಕೊಮ್ಮೆ ಸಭೆ, ಲೆಕ್ಕಪತ್ರ ಸಲ್ಲಿಕೆ ಎಲ್ಲ ಮಾಡಲೇಬೇಕು. ಇದಕ್ಕೆ ಆಸಕ್ತಿ ಇರುವ ಒಬ್ಬ ನಿವೃತ್ತ ಗುಮಾಸ್ತರೋ ಬ್ಯಾಂಕಿನವರೋ ತಂಡದಲ್ಲಿ ಇಲ್ಲದಿದ್ದರೆ ಆ ತಂಟೆಗೆ ಹೋಗಬೇಡಿ.

ಹಕ್ಕುಸ್ವಾಮ್ಯದ ಬಗ್ಗೆ ಬಹಳ ಜನ ಯೋಚಿಸುವುದೇ ಇಲ್ಲ. ನಮ್ಮ ಕಾಯ್ದೆಯಲ್ಲಿ ಕವಿಯ ಹಕ್ಕು ಅವರು ತೀರಿಕೊಂಡ ಮರುವರ್ಷದಿಂದ 60 ವರ್ಷ ಇರುತ್ತದೆ. ಬೇಂದ್ರೆಯವರು ತೀರಿಕೊಂಡದ್ದು 1981ರಲ್ಲಿ, ಅಂದರೆ ಅವರ ಬದುಕಿನಲ್ಲಿ ಪ್ರಕಟವಾದ ಕವನಗಳ ಹಕ್ಕು 2041ರ ಕೊನೆಯ ತನಕ. ಕುವೆಂಪು ತೀರಿಕೊಂಡದ್ದು 1994ರಲ್ಲಿ, ಅವರದ್ದು 2054ರ ತನಕ. ವಚನಕ್ಕೋ ದಾಸರ ಪದಕ್ಕೋ ಈ ತೊಡಕಿಲ್ಲ, ಆದರೆ ಅದಕ್ಕೆ ಈಚೆಗೆ ಯಾರಾದರೂ ಹೊಸ ಮಟ್ಟು ಹಾಕಿದ್ದರೆ ಆ ಮಟ್ಟಿನ ಹಕ್ಕು ಅವರದ್ದು. ಹವ್ಯಾಸಿ ತಂಡ, ಟಿಕೆಟ್ ಇಲ್ಲದ ಕಾರ್ಯಕ್ರಮ ಅಂದರೆ ಭಯವಿಲ್ಲ, ಕಾಯ್ದೆಯ 52ನೆ ಸೆಕ್ಷನ್ನೇ ಅದಕ್ಕೆ ವಿನಾಯಿತಿ ಕೊಟ್ಟಿದೆ. ಟಿಕೆಟ್ ಇಟ್ಟರೆ ಅನುಮತಿ ಬೇಕು. ಯೂಟ್ಯೂಬಿಗೆ ಹಾಕುವುದಂತೂ ಬೇರೆಯೇ ವಿಷಯ, ಆ ವಿನಾಯಿತಿ ಅಲ್ಲಿಗೆ ತಲುಪುವುದಿಲ್ಲ.

ಹೊರದೇಶದ ಕನ್ನಡ ಕೂಟದವರಿಗೆ ಎರಡು ಮಾತು ಹೇಳಬೇಕು. ಮಕ್ಕಳಿಗೆ ಕನ್ನಡ ಓದಲು ಬಾರದಿದ್ದರೆ ಸಾಹಿತ್ಯವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಸಿ ಕೊಡಿ, ಆದರೆ ಕಲಿಸುವುದು ಬಾಯಿಂದ ಬಾಯಿಗೇ ಇರಲಿ, ಆ ಅಕ್ಷರದಲ್ಲಿ ಳ, ಣ ಎರಡೂ ಮಾಯವಾಗುತ್ತವೆ. ಇನ್ನು ಜೂಮಿನಲ್ಲಿ ಒಟ್ಟಿಗೆ ಹಾಡಲು ಆಗುವುದಿಲ್ಲ. ಒಬ್ಬೊಬ್ಬರ ದನಿಯೂ ಬೇರೆ ಬೇರೆಯಷ್ಟು ತಡವಾಗಿ ತಲುಪುವುದರಿಂದ ತಾಳ ಕೂರುವುದೇ ಇಲ್ಲ. ಹೇಳಿಕೊಡುವವರೊಬ್ಬರ ಮೈಕ್ ಮಾತ್ರ ತೆರೆದಿಟ್ಟು ಉಳಿದವರು ಮ್ಯೂಟ್‌ನಲ್ಲಿ ಹಾಡಿಕೊಳ್ಳಬೇಕು. ಸಾಲು, ಸಾಹಿತ್ಯ ಕಲಿಯಲು ಅಷ್ಟು ಸಾಕು. ದನಿ ಸೇರಿಸುವ ಕೆಲಸವನ್ನು ಯುಗಾದಿಗೋ ರಾಜ್ಯೋತ್ಸವಕ್ಕೋ ಮುಂಚೆ ಒಂದೆರಡು ಶನಿವಾರ ಒಂದೇ ಕೋಣೆಯಲ್ಲಿ ಕೂತು ಮಾಡಿಕೊಳ್ಳಿ.